ಗಾಳಿ ನಿಂತಿರಲಿಲ್ಲ

“ಗುರುಗಳೇ, ಒಬ್ಬನ ಮುಖವನ್ನೇ ನೋಡಬಾರದು ಎಂದುಕೊಂಡ ಮೇಲೂ ಅವನ ದನಿ ಕೇಳಬೇಕು ಎಂದು ಯಾಕೆ ಅನ್ನಿಸುತ್ತದೆ?”

ಹೀಗೆ ಕೇಳಿದವನು ಮರುಳಯ್ಯ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಅವನ ತಾಯಿಗೆ ಕಾಯಿಲೆ ಜೋರಾದ ದಿನ ಮನೆಯಲ್ಲಿದ್ದವನು ಅಣ್ಣ ಒಬ್ಬನೇ. ಅಣ್ಣ ಆಸ್ಪತ್ರೆಗೆ ಗಾಡಿ ಕರೆಸಲಿಲ್ಲ. ಮರುಳಯ್ಯ ಪೇಟೆಯಿಂದ ಬಂದಾಗ ಅವನು ಜಗಲಿಯ ಮೇಲೆ ಸುಮ್ಮನೆ ಕೂತಿದ್ದ. ಒಳಗೆ ತಾಯಿ ಹೋಗಿಬಿಟ್ಟಿದ್ದಳು. ಮಣ್ಣು ಮಾಡಿದ ಮೂರನೆಯ ದಿನ ಮರುಳಯ್ಯ ಮನೆ ಬಿಟ್ಟ. ಅಂದಿನಿಂದ ಅಣ್ಣನ ಮುಖ ನೋಡಿಲ್ಲ.

“ಸಿಟ್ಟು ಆರಿಲ್ಲ. ಹಂಬಲವೂ ಆರುತ್ತಿಲ್ಲ,” ಎಂದ ಮರುಳಯ್ಯ. “ಎರಡರಲ್ಲಿ ಒಂದನ್ನಾದರೂ ಕಳೆದುಕೊಳ್ಳುವ ದಾರಿ ಹೇಳಿ.”

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು. “ಒಬ್ಬ ಬಂದೂಕಿನವನ ಕತೆ ಇದೆ, ಕೇಳು,” ಎಂದರು.

ಗಡಿಯ ಬೆಟ್ಟವೊಂದರ ಮೇಲೆ ಭರಮಪ್ಪ ಎಂಬ ಸೈನಿಕನಿದ್ದ. ಹುಕ್ಕೇರಿ ಕಡೆಯವನು. ಅವನ ಕೆಲಸ ಸ್ನೈಪರ್‌ನದು. ಅಂದರೆ, ಅಡಗಿ ಮಲಗಿ, ದೂರದಲ್ಲಿರುವ ಒಬ್ಬನನ್ನು ಒಂದೇ ಗುಂಡಿನಲ್ಲಿ ಹೊಡೆಯುವುದು. ಅವನ ರೈಫಲನ್ನು ಎಂಟುನೂರು ಮೀಟರಿನವರೆಗೆ ನಂಬಬಹುದಿತ್ತು. ಗುಂಡು ಅದರಾಚೆಗೂ ಹೋಗುತ್ತದೆ. ಆದರೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಯಾರೂ ಹೊಣೆಯಾಗಲಾರರು.

ಆ ಕೆಲಸ ಒಬ್ಬನಿಂದ ಆಗುವುದಲ್ಲ, ಇಬ್ಬರು ಬೇಕು. ಒಬ್ಬ ಹೊಡೆಯುವವನು. ಇನ್ನೊಬ್ಬ ದೊಡ್ಡ ದುರ್ಬೀನು ಹಿಡಿದು ನೋಡುವವನು. ಅವನನ್ನು ಸ್ಪಾಟರ್ ಎನ್ನುತ್ತಾರೆ. ದೂರ ಎಷ್ಟು, ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ಇದೆಲ್ಲವನ್ನೂ ಅಳೆದು ಹೇಳುವವನು ಅವನೇ. ಹೊಡೆಯುವವನ ಕಣ್ಣಿಗೆ ಕಾಣುವುದು ಅಂಗೈಯಗಲದ ಜಗತ್ತು. ಮಿಕ್ಕ ಜಗತ್ತೆಲ್ಲ ಸ್ಪಾಟರ್‌ನ ಬಾಯಿಂದ ಅವನ ಕಿವಿಗೆ ಬರಬೇಕು.

ಭರಮಪ್ಪನ ಸ್ಪಾಟರ್ ಮಾದಯ್ಯ. ಚಾಮರಾಜನಗರದ ಕಾಡಂಚಿನ ಊರಿನವನು, ನಾಲ್ಕು ವರ್ಷ ಹಿರಿಯ. ಆ ತುಕಡಿಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಮೊದಮೊದಲು ಇವನ ಕನ್ನಡ ಕೇಳಿ ಅವನು ನಗುತ್ತಿದ್ದ, ಅವನ ಕನ್ನಡ ಕೇಳಿ ಇವನು ನಗುತ್ತಿದ್ದ. ಆಮೇಲೆ ಭರಮಪ್ಪ ಅವನನ್ನು ಅಣ್ಣಾ ಎಂದ. ಮಾದಯ್ಯ ಇವನನ್ನು ತಮ್ಮಾ ಎಂದ. ಅಲ್ಲಿಗೆ ನಗು ನಿಂತಿತು.

ಆರು ವರ್ಷ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಮಲಗಿದರು. ಕಲ್ಲಿನ ಮೇಲೆ ಮಲಗಿದರು, ಹಿಮದಲ್ಲಿ ಮಲಗಿದರು. ಮಾದಯ್ಯನ ಬಾಯಿ ಯಾವಾಗಲೂ ಭರಮಪ್ಪನ ಎಡಗಿವಿಯ ಹತ್ತಿರ ಇರುತ್ತಿತ್ತು. “ಆರುನೂರ ಇಪ್ಪತ್ತು. ಎಡದಿಂದ ಗಾಳಿ. ಒಂದೂವರೆ,” ಎನ್ನುತ್ತಿದ್ದ. ಭರಮಪ್ಪ ಅದಕ್ಕೆ ತಕ್ಕಂತೆ ರೈಫಲಿನ ದುರ್ಬೀನಿನ ತಿರುಪನ್ನು ಗೆರೆ ಎಣಿಸಿ ತಿರುಗಿಸುತ್ತಿದ್ದ. ಉಸಿರು ಬಿಡುತ್ತಿದ್ದ. ಒಂದು ಉಸಿರು ಮುಗಿದು ಇನ್ನೊಂದು ಶುರುವಾಗುವ ಮೊದಲು ಸಣ್ಣದೊಂದು ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಮಾದಯ್ಯ “ಹೂಂ” ಎನ್ನುತ್ತಿದ್ದ. ಬೆರಳು ತಾನಾಗಿ ಬಿಗಿಯುತ್ತಿತ್ತು. ಆ ಹೂಂಗೂ ಗುಂಡಿಗೂ ನಡುವೆ ಭರಮಪ್ಪ ಯಾವತ್ತೂ ಯೋಚನೆ ಮಾಡಿದವನಲ್ಲ.

ಒಂದು ಚಳಿಗಾಲ ಮುಗಿಯುವ ಹೊತ್ತು. ಎದುರಿನ ಬೆಟ್ಟದ ಮೇಲೆ ಶತ್ರು ಒಂದು ಮೆಷಿನ್‌ಗನ್ ತಂದು ಕೂರಿಸಿದ. ಇವರ ಠಾಣೆಗೆ ನೀರು ಬರುವ ಹಾದಿ ಅದರ ಬಾಯಿಗೆ ನೇರವಾಗಿತ್ತು. ಹಗಲು ನೀರು ತರುವಂತಿಲ್ಲ. ಮುಂಜಾನೆ ಮಬ್ಬಿನಲ್ಲಿ ಜೀವ ಕೈಯಲ್ಲಿ ಹಿಡಿದು ತರಬೇಕು. ಆ ಮೆಷಿನ್‌ಗನ್ನಿನವನನ್ನು ತೆಗೆಯಬೇಕು ಎಂದು ಭರಮಪ್ಪ, ಮಾದಯ್ಯರಿಗೆ ಅಪ್ಪಣೆಯಾಯಿತು.

ಇಬ್ಬರೂ ಒಂದು ಬಂಡೆಯ ಸಂದಿಯಲ್ಲಿ ನಾಲ್ಕು ದಿನ ಮಲಗಿದರು. ಮೊದಲ ಎರಡು ದಿನ ಆ ಮನುಷ್ಯ ಹೊರಗೆ ಬರಲಿಲ್ಲ. ಮೂರನೆಯ ದಿನ ಒಂದು ಕೈ ಮಾತ್ರ ಕಾಣಿಸಿತು. ಆ ಕೈ ರೊಟ್ಟಿಯ ಚೂರುಗಳನ್ನು ಕಲ್ಲಿನ ಮೇಲೆ ಇಟ್ಟಿತು. ಎರಡು ಹಕ್ಕಿ ಬಂದು ತಿಂದವು. ದುರ್ಬೀನಿನಲ್ಲಿ ನೋಡುತ್ತಿದ್ದ ಮಾದಯ್ಯ ಸದ್ದಿಲ್ಲದೆ ನಕ್ಕ. ತಾಗಿಕೊಂಡಿದ್ದ ಭುಜದಲ್ಲಿ ಆ ನಗು ಭರಮಪ್ಪನಿಗೆ ತಿಳಿಯಿತು.

ನಾಲ್ಕನೆಯ ದಿನ ಬಿಸಿಲು ಬಿತ್ತು. ಹತ್ತು ಗಂಟೆಯ ಸುಮಾರಿಗೆ ಆ ಮನುಷ್ಯ ಹೊರಗೆ ಬಂದು ನಿಂತ. ಬೆನ್ನು ನೆಟ್ಟಗೆ ಮಾಡಿದ. ಮುಖ ಬಿಸಿಲಿಗೆ ಒಡ್ಡಿದ.

“ಏಳುನೂರ ಎಂಬತ್ತು,” ಎಂದ ಮಾದಯ್ಯ. ಆಮೇಲೆ ಮಾತಿಲ್ಲ.

ಭರಮಪ್ಪ ಉಸಿರು ಬಿಟ್ಟ. ಆ ಮನುಷ್ಯನ ಕಾಲ ಬಳಿ ಒಣಹುಲ್ಲು ಇತ್ತು. ಅದು ಅಲುಗುತ್ತಿರಲಿಲ್ಲ. ಭರಮಪ್ಪ ಕಾದ. ಮತ್ತೊಮ್ಮೆ ಉಸಿರು ಎಳೆದ, ಬಿಟ್ಟ. ಹುಲ್ಲು ಹಾಗೇ ಇತ್ತು. ಎಡಗಿವಿಯಲ್ಲಿ ಮಾದಯ್ಯನ ಉಸಿರು ಕೇಳುತ್ತಿತ್ತು, ಹೂಂ ಬರಲಿಲ್ಲ. ಇಪ್ಪತ್ತು ಉಸಿರಿನಷ್ಟು ಹೊತ್ತು ಆ ಮನುಷ್ಯ ಬಿಸಿಲು ಕಾಯಿಸಿ ಒಳಗೆ ಹೋದ. ಮತ್ತೆ ಬರಲಿಲ್ಲ.

ಮರುದಿನ ಮುಂಜಾನೆ ಮಂಜು ಬೇಗ ಸರಿಯಿತು. ನೀರಿನ ಹಾದಿಯಲ್ಲಿ ಠಾಣೆಯ ಇಬ್ಬರು ಸೈನಿಕರು ಸಿಕ್ಕಿಬಿದ್ದರು. ಮೆಷಿನ್‌ಗನ್ ಒಮ್ಮೆ ಹಾಡಿ ನಿಂತಿತು. ಇಬ್ಬರೂ ಅಲ್ಲೇ ಹೋದರು. ಅವರಲ್ಲಿ ಒಬ್ಬ ಹಿಂದಿನ ಸಂಜೆ ಬಂಡೆಯ ಸಂದಿಗೆ ತೆವಳಿಕೊಂಡು ಬಂದು ಇವರಿಬ್ಬರಿಗೂ ಚಹಾ ಕೊಟ್ಟು ಹೋಗಿದ್ದವನು.

ಠಾಣೆಗೆ ಮರಳಿದ ಮೇಲೆ ಭರಮಪ್ಪ ಕೇಳಿದ. “ಯಾಕೆ ಹೂಂ ಅನ್ನಲಿಲ್ಲ?”

“ಗಾಳಿ ನಿಂತಿರಲಿಲ್ಲ,” ಎಂದ ಮಾದಯ್ಯ.

“ಹುಲ್ಲು ನಿಂತಿತ್ತು. ನನ್ನ ಕಣ್ಣಾರೆ ನೋಡಿದ್ದೇನೆ.”

“ಗಾಳಿ ನಿಂತಿರಲಿಲ್ಲ, ತಮ್ಮಾ.”

“ರೊಟ್ಟಿ ಇಟ್ಟ ಕೈ ನೋಡಿದೆಯಲ್ಲ, ಅದಕ್ಕೇ ನಿನ್ನ ಮನಸ್ಸು ಕರಗಿತು. ಹೌದೋ ಅಲ್ಲವೋ ಹೇಳು.”

ಮಾದಯ್ಯ ಎದ್ದು ಹೋದ.

ಭರಮಪ್ಪ ಅಧಿಕಾರಿಯ ಬಳಿ ಹೋಗಿ, ಇನ್ನು ನಾನು ಇವನ ಪಕ್ಕದಲ್ಲಿ ಮಲಗುವುದಿಲ್ಲ ಎಂದ. ಕಾರಣ ಕೇಳಿದಾಗ ಕಾರಣವನ್ನೂ ಹೇಳಿದ. ಸ್ಪಾಟರ್‌ನ ಮೇಲೆ ಹೊಡೆಯುವವನಿಗೇ ನಂಬಿಕೆ ಇಲ್ಲ ಎಂದ ಮೇಲೆ ಬೇರೆ ವಿಚಾರಣೆ ಬೇಕಾಗಲಿಲ್ಲ. ಮಾದಯ್ಯನನ್ನು ಬೆಟ್ಟದಿಂದ ಇಳಿಸಿ ಉಗ್ರಾಣದ ಕಾವಲಿಗೆ ಹಾಕಿದರು. ಅಲ್ಲಿ ಕಂಬಳಿ, ಬೂಟು ಕಾಯುತ್ತ ಅವನ ಸೇವೆಯ ಅವಧಿ ಮುಗಿಯಿತು. ಊರಿಗೆ ಹೊರಡುವ ದಿನ ಅವನು ಭರಮಪ್ಪನ ಮಂಚದ ಹತ್ತಿರ ಬಂದು ನಿಂತ. ಭರಮಪ್ಪ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿಕೊಂಡ. ಬೂಟಿನ ಸದ್ದು ಬಾಗಿಲು ದಾಟುವವರೆಗೂ ತೆರೆಯಲಿಲ್ಲ.

ಭರಮಪ್ಪನಿಗೆ ಹೊಸ ಸ್ಪಾಟರ್ ಬಂದ. ಒಳ್ಳೆಯವನು, ಚುರುಕಿನವನು. ಅವನು ಹಿಂದಿಯಲ್ಲಿ ಅಂಕಿ ಹೇಳುತ್ತಿದ್ದ. ಅಂಕಿಗಳು ಸರಿಯಾಗೇ ಇರುತ್ತಿದ್ದವು. ಗುಂಡುಗಳೂ ಸರಿಯಾಗೇ ಹೋಗುತ್ತಿದ್ದವು. ಆದರೆ ಹೊಡೆಯುವ ಮುಂಚೆ ಭರಮಪ್ಪ ಈಗ ಯೋಚನೆ ಮಾಡುತ್ತಿದ್ದ. ಇವನು ಸರಿಯಾಗಿ ನೋಡಿದ್ದಾನೆಯೇ? ಎಲ್ಲ ಹೇಳಿದ್ದಾನೆಯೇ? ಒಂದು ಕ್ಷಣದ ಯೋಚನೆ. ಮೊದಲು ಅದು ಇರಲಿಲ್ಲ.

ಹಿಮದಲ್ಲಿ ಮಲಗಿದಾಗ ಎಡಗಿವಿ ತಣ್ಣಗಾಗುತ್ತಿತ್ತು. ಟೋಪಿ ಎಳೆದುಕೊಂಡರೂ ತಣ್ಣಗೇ ಇರುತ್ತಿತ್ತು. ಕೆಲವೊಮ್ಮೆ ದೂರದ ಬೆಟ್ಟ ನೋಡುತ್ತ, ಇದು ಎಷ್ಟಿರಬಹುದು ಅಣ್ಣಾ ಎಂದು ಕೇಳಲು ಬಾಯಿ ತೆರೆಯುತ್ತಿದ್ದ. ತೆರೆದ ಬಾಯನ್ನು ಮುಚ್ಚಿಕೊಳ್ಳುತ್ತಿದ್ದ. ಆಮೇಲೆ ಆ ನೀರಿನ ಹಾದಿ ನೆನಪಾಗುತ್ತಿತ್ತು, ಚಹಾ ತಂದವನ ಮುಖ ನೆನಪಾಗುತ್ತಿತ್ತು. ಮನಸ್ಸು ಮತ್ತೆ ಕಲ್ಲಾಗುತ್ತಿತ್ತು. ಕಲ್ಲಾದ ಮೇಲೆ ಒಂದೆರಡು ದಿನ ನೆಮ್ಮದಿ. ಮೂರನೆಯ ದಿನ ಮತ್ತೆ ಬಾಯಿ ತೆರೆಯುತ್ತಿದ್ದ.

ಹೀಗೆ ವರ್ಷಗಳು ಕಳೆದವು. ಭರಮಪ್ಪನಿಗೆ ಬಡ್ತಿ ಸಿಕ್ಕಿತು. ಬಯಲುಸೀಮೆಯ ಒಂದು ಶಿಬಿರದಲ್ಲಿ ಹೊಸ ಸ್ನೈಪರ್‌ಗಳಿಗೆ ಪಾಠ ಹೇಳುವ ಕೆಲಸಕ್ಕೆ ಹಾಕಿದರು. ಅವನು ಒಳ್ಳೆಯ ಮೇಷ್ಟ್ರಾದ. ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದ. “ಗುಂಡು ಎಂಟುನೂರು ಮೀಟರ್ ಹೋಗಲು ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಆ ಹೊತ್ತಿನಲ್ಲಿ ಅದು ಮೂರು ಗಾಳಿ ದಾಟುತ್ತದೆ. ನಿಮ್ಮ ಹತ್ತಿರದ ಗಾಳಿ, ಗುರಿಯ ಹತ್ತಿರದ ಗಾಳಿ, ನಡುವಿನ ಗಾಳಿ. ನಡುವಿನ ಗಾಳಿ ಕಣ್ಣಿಗೆ ಕಾಣುವುದಿಲ್ಲ. ನೆಲ ಕಾದಾಗ ಏಳುವ ಅಲೆಯಲ್ಲಿ ಅದನ್ನು ಓದಬೇಕು. ಅಲೆ ನೆಟ್ಟಗೆ ಏಳುತ್ತಿದ್ದರೆ ಗಾಳಿ ಇಲ್ಲ. ಪಕ್ಕಕ್ಕೆ ಹರಿಯುತ್ತಿದ್ದರೆ ಗಾಳಿ ಇದೆ.” ನಾಲ್ಕು ತಂಡಗಳಿಗೆ ಇದನ್ನೇ ಹೇಳಿಕೊಟ್ಟ. ಅವರು ಬರೆದುಕೊಂಡರು. ಅವನೂ ಹೇಳಿ ಮುಗಿಸಿ ಊಟಕ್ಕೆ ಹೋದ.

ಐದನೆಯ ತಂಡ ಬಂದಾಗ ಒಂದು ದಿನ ಸ್ಪಾಟರ್ ಒಬ್ಬನಿಗೆ ಜ್ವರ ಬಂತು. ಅವನ ಜೊತೆಗಾರ ಫೈರಿಂಗ್ ರೇಂಜ್‌ನಲ್ಲಿ ಒಬ್ಬನೇ ಮಲಗಿದ್ದ. ಭರಮಪ್ಪ ಹೋಗಿ ಅವನ ಎಡಗಡೆ ಮಲಗಿದ. ದೊಡ್ಡ ದುರ್ಬೀನು ಕಣ್ಣಿಗೆ ಹಿಡಿದ. ಇಷ್ಟು ವರ್ಷಗಳ ನೌಕರಿಯಲ್ಲಿ ಅವನು ಆ ಜಾಗದಲ್ಲಿ ಮಲಗಿದ್ದು ಕಡಿಮೆ. ಎಲ್ಲರೂ ಅವನ ಕೈಗೆ ರೈಫಲನ್ನೇ ಕೊಡುತ್ತಿದ್ದರು.

ಗುರಿ ಎಂಟುನೂರು ಮೀಟರ್ ಆಚೆ ಇತ್ತು. ಅದರ ಪಕ್ಕದ ಬಾವುಟ ಜೋತುಬಿದ್ದಿತ್ತು. ಹತ್ತಿರದ ಹುಲ್ಲೂ ಅಲುಗುತ್ತಿರಲಿಲ್ಲ. ನಡುವೆ ಒಂದು ಒಣ ಹಳ್ಳ ಅಡ್ಡ ಹಾದು ಹೋಗಿತ್ತು. ಭರಮಪ್ಪ ದುರ್ಬೀನಿನ ನೋಟ ಹೊಂದಿಸುವ ಬಳೆಯನ್ನು ಹಿಂದಕ್ಕೆ ತಿರುಗಿಸಿದ. ಗುರಿ ಮಸುಕಾಯಿತು. ಹಳ್ಳದ ದಂಡೆ ಸ್ಪಷ್ಟವಾಯಿತು. ಅಲ್ಲಿ ಬಿಸಿಲ ಅಲೆ ಕಾಲುವೆಯ ನೀರಿನಂತೆ ಎಡದಿಂದ ಬಲಕ್ಕೆ ಓಡುತ್ತಿತ್ತು.

“ತಡಿ,” ಎಂದ ಭರಮಪ್ಪ.

“ಬಾವುಟ ನಿಂತಿದೆ, ಸರ್,” ಎಂದ ರೈಫಲ್ ಹಿಡಿದವನು.

“ಗಾಳಿ ನಿಂತಿಲ್ಲ.”

ರೈಫಲ್ ಹಿಡಿದವನಿಗೆ ತಾಳ್ಮೆ ಇರಲಿಲ್ಲ. ಹೊಡೆದುಬಿಟ್ಟ. ಗುಂಡು ಗುರಿಯಿಂದ ಎರಡು ಗೇಣು ಆಚೆ ಮಣ್ಣು ಹಾರಿಸಿತು.

ಅವನು ತಲೆ ಎತ್ತಿ ಭರಮಪ್ಪನನ್ನು ನೋಡಿದ. “ನನ್ನ ದುರ್ಬೀನಿನಲ್ಲಿ ಏನೂ ಇರಲಿಲ್ಲ, ಸರ್. ಎಲ್ಲ ನಿಂತೇ ಇತ್ತು. ಕಣ್ಣಾರೆ ನೋಡಿದೆ.”

ಭರಮಪ್ಪ ದುರ್ಬೀನು ಕೆಳಗಿಟ್ಟ. ಮಾದಯ್ಯನ ಜೊತೆ ಮಲಗಿದ್ದ ಆ ಬಂಡೆಗೂ ಎದುರಿನ ಬೆಟ್ಟಕ್ಕೂ ನಡುವೆ ಒಂದು ಕಲ್ಲಿನ ದಿಬ್ಬವಿತ್ತು. ದಿಬ್ಬದ ಪಕ್ಕದಿಂದ ಒಂದು ಕಮರಿ ಇಳಿಯುತ್ತಿತ್ತು. ಅಂದು ಮೂರು ದಿನದ ಮೋಡ ಸರಿದು ಬಿಸಿಲು ಬಿದ್ದಿತ್ತು. ಕಲ್ಲು ಕಾದಿತ್ತು. ಕಲ್ಲು ಕಾದರೆ ಕಮರಿಯಿಂದ ಅಂಕಿಗೆ ಸಿಗದ, ಗಳಿಗೆಗೊಂದು ಥರದ ಗಾಳಿ ಏಳುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ನಾಲ್ಕು ತಂಡಗಳಿಗೆ ತಾನೇ ಹೇಳಿಕೊಟ್ಟಿದ್ದ. ಹೇಳಿಕೊಡುವಾಗ ಒಮ್ಮೆಯೂ ಅದನ್ನು ಆ ದಿನದ ಮೇಲೆ ಇಟ್ಟು ನೋಡಿರಲಿಲ್ಲ. ಇಟ್ಟು ನೋಡಿದ್ದರೆ ಸಿಟ್ಟಿಗೆ ಜಾಗ ಇರುತ್ತಿರಲಿಲ್ಲ. ಅದಕ್ಕೇ ನೋಡಿರಲಿಲ್ಲ.

ಅಂದು ಅವನು ಊಟ ಮಾಡಲಿಲ್ಲ. ಮರುದಿನ ರಜೆಗೆ ಬರೆದು ಕೊಟ್ಟ. ಆ ಚಳಿಗಾಲ ಕಳೆದು ಹನ್ನೊಂದು ವರ್ಷವಾಗಿತ್ತು.

ಮಾದಯ್ಯನ ಊರಿನ ಹೆಸರು ಅವನಿಗೆ ಮರೆತಿರಲಿಲ್ಲ. ಎರಡು ದಿನ ರೈಲು, ಅರ್ಧ ದಿನ ಬಸ್ಸು. ಕಾಡಂಚಿನ ಆ ಊರಲ್ಲಿ ಕೇಳಿಕೊಂಡು ಮನೆಯ ಮುಂದೆ ಹೋಗಿ ನಿಂತ. ಮಾದಯ್ಯನ ಹೆಂಡತಿ ಹೊರಗೆ ಬಂದಳು.

“ಅವರು ಟವರ್ ಮೇಲಿದ್ದಾರೆ,” ಎಂದಳು. “ಬೇಸಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ನೋಡಿ ತಿಳಿಸುವ ಕೆಲಸ. ಹೊತ್ತು ಮುಳುಗುವವರೆಗೂ ಇಳಿಯುವುದಿಲ್ಲ. ನಿಮ್ಮದು ಯಾವ ಊರು?”

“ಹುಕ್ಕೇರಿ ಕಡೆ, ಅಕ್ಕಾ.”

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಇವರು ನಿದ್ದೆಯಲ್ಲಿ ಅಂಕಿ ಹೇಳುತ್ತಾರೆ. ಹೇಳಿ ಹೇಳಿ ಕೊನೆಗೆ ತಮ್ಮಾ ಅನ್ನುತ್ತಾರೆ. ಇವರಿಗೆ ಒಡಹುಟ್ಟಿದ ತಮ್ಮಂದಿರು ಯಾರೂ ಇಲ್ಲ. ಆ ತಮ್ಮ ನೀವೇನಾ?”

ಭರಮಪ್ಪ ಹೌದೆಂದು ತಲೆಯಾಡಿಸಿ ಟವರ್‌ನ ದಾರಿ ಹಿಡಿದ.

ಮರದ ಮೆಟ್ಟಿಲು ಹತ್ತಿ ಮೇಲೆ ಹೋದಾಗ ಮಾದಯ್ಯ ದುರ್ಬೀನು ಹಿಡಿದು ಕಾಡಿನ ಕಡೆ ನೋಡುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ತಿರುಗದೆಯೇ ಮಾತಾಡಿದ.

“ಬಸ್ಸು ಇಳಿದಾಗಿನಿಂದ ನೋಡುತ್ತಿದ್ದೇನೆ. ನಡಿಗೆ ನೋಡಿಯೇ ಗೊತ್ತಾಯಿತು. ದಾರಿಯಲ್ಲಿ ಎರಡು ಸಲ ನಿಂತೆ. ಒಂದು ಸಲ ಹಿಂದಕ್ಕೆ ಹೊರಟೆ.”

“ಹೌದು, ಅಣ್ಣಾ.”

“ಮತ್ತೆ ಯಾಕೆ ಬಂದೆ?”

“ಅಂದು ಗಾಳಿ ನಿಂತಿರಲಿಲ್ಲ. ನನಗೆ ಈಗ ತಿಳಿಯಿತು. ದಿಬ್ಬದ ಮೇಲೆ ಓಡುತ್ತಿತ್ತು. ನೀನು ಅದನ್ನು ನೋಡಿದ್ದೆ. ಇಷ್ಟು ಹೇಳಲಿಕ್ಕೆ ಬಂದೆ.” ಭರಮಪ್ಪ ಮೆಟ್ಟಿಲ ಬಾಯಲ್ಲೇ ನಿಂತಿದ್ದ. “ಆದರೆ ದಿಬ್ಬ ಎಂಬ ಒಂದು ಮಾತು ನೀನು ಅಂದಿದ್ದರೆ ಸಾಕಿತ್ತಲ್ಲ. ಯಾಕೆ ಅನ್ನಲಿಲ್ಲ?”

ಮಾದಯ್ಯ ದುರ್ಬೀನು ಕೆಳಗಿಳಿಸಿದ. “ಆರು ವರ್ಷ ನಾನು ಹೇಳಿದ ಅಂಕಿಗೆ ನೀನು ಸಾಕ್ಷಿ ಕೇಳಿರಲಿಲ್ಲ. ಅಂದು ಕೇಳಿದೆ. ಕೊಟ್ಟಿದ್ದರೆ ನಾನು ಗೆಲ್ಲುತ್ತಿದ್ದೆ, ನಿಜ. ಆದರೆ ಮಾತಿಗೊಂದು ಸಾಕ್ಷಿ ಇಟ್ಟುಕೊಂಡು ನಿನ್ನ ಪಕ್ಕದಲ್ಲಿ ಮಲಗುವುದು ನನ್ನಿಂದ ಆಗುತ್ತಿರಲಿಲ್ಲ.”

ಭರಮಪ್ಪ ತಲೆ ತಗ್ಗಿಸಿದ. “ತಪ್ಪಾಯಿತು, ಅಣ್ಣಾ.”

“ಪೂರ್ತಿ ಕೇಳು,” ಎಂದ ಮಾದಯ್ಯ. “ಗಾಳಿ ನಿಂತಿರಲಿಲ್ಲ. ಅದು ದೇವರಾಣೆ ನಿಜ. ಆದರೆ ನಿಂತಿದ್ದರೆ ನಾನು ಹೂಂ ಅನ್ನುತ್ತಿದ್ದೆನೋ ಇಲ್ಲವೋ, ಅದು ನನಗೇ ಗೊತ್ತಿಲ್ಲ. ಆ ಹಕ್ಕಿಗಳನ್ನು ನಾನೂ ನೋಡಿದ್ದೆ. ನೀನು ಕೇಳಿದ್ದು ಸುಳ್ಳು ಪ್ರಶ್ನೆಯಲ್ಲ. ಅದಕ್ಕೇ ನಿನ್ನ ಮುಂದೆ ನಿಂತು ವಾದ ಮಾಡಲಿಕ್ಕೆ ಆಗಲಿಲ್ಲ. ಈಗಲೂ ದಿನಾ ಇಲ್ಲಿ ಕೂತು ಆ ಗಾಳಿ ನಿಲ್ಲಿಸಿ ನೋಡುತ್ತೇನೆ. ಒಂದು ದಿನ ಹೂಂ ಅನ್ನುತ್ತೇನೆ. ಇನ್ನೊಂದು ದಿನ ಬಾಯಿ ಬರುವುದಿಲ್ಲ.”

ಭರಮಪ್ಪ ಹನ್ನೊಂದು ವರ್ಷ ಒಂದು ಉತ್ತರಕ್ಕೆ ಕಾದಿದ್ದ. ಈಗ ಎರಡು ಸಿಕ್ಕಿದ್ದವು. ಎರಡೂ ನಿಜವಾಗಿದ್ದವು. ಅವನಿಗೆ ಸಿಟ್ಟು ಬರಲಿಲ್ಲ. ಸಮಾಧಾನವೂ ಆಗಲಿಲ್ಲ. ಆದರೆ ಆ ದನಿ ಹತ್ತಿರದಲ್ಲೇ ಕೇಳುತ್ತಿತ್ತು. ಇನ್ನೂ ಮಾತಾಡಲಿ ಎನ್ನಿಸಿತು.

ಮಾದಯ್ಯ ಹಲಗೆಯ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದ. ಭರಮಪ್ಪ ಹೋಗಿ ಕೂತ. ಇಬ್ಬರ ಭುಜಗಳೂ ತಾಗಿದವು. ಇಬ್ಬರೂ ಕಾಡು ನೋಡಿದರು. ಎಲ್ಲೂ ಹೊಗೆ ಇರಲಿಲ್ಲ.

ಬಹಳ ಹೊತ್ತಾದ ಮೇಲೆ ಭರಮಪ್ಪ ಕೇಳಿದ. “ಹಾಗಾದರೆ ನೀರಿಗೆ ಹೋದ ಆ ಇಬ್ಬರು ಸತ್ತದ್ದಕ್ಕೆ ಹೊಣೆ ಯಾರು, ಅಣ್ಣಾ?”

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮರುಳಯ್ಯನಿಗೆ ತಡೆಯಲಾಗಲಿಲ್ಲ.

“ಮಾದಯ್ಯ ಏನೆಂದ, ಗುರುಗಳೇ? ಹೊಣೆ ಯಾರದು?”

“ಭರಮಪ್ಪ ಅದನ್ನು ಮಾದಯ್ಯನ ಪಕ್ಕದಲ್ಲಿ ಕೂತು ಕೇಳಿದ, ನೀನು ನನ್ನ ಪಕ್ಕದಲ್ಲಿ ಕೂತು ಕೇಳುತ್ತಿದ್ದೀಯ. ನಿನ್ನ ಅಣ್ಣ ಕೂತಿದ್ದ ಜಗಲಿಯಲ್ಲಿ ಇನ್ನೂ ಜಾಗವಿದ್ದೀತು,” ಎಂದರು ಗುರುಗಳು.